ಪಾಡ್‌ಕಾಸ್ಟ್ ಸ್ಟುಡಿಯೋ ಗಂಟೆ ಲೆಕ್ಕದಲ್ಲಿ ಸಿಗುತ್ತದೆ. ಧ್ವನಿಯ ಹಕ್ಕು ಯಾರಿಗೆ?

ಪಾಡ್‌ಕಾಸ್ಟ್ ಶುರು ಮಾಡಲು ಈಗ ಸ್ವಂತ ಸ್ಟುಡಿಯೋ ಬೇಕಿಲ್ಲ. ಮೊಬೈಲಿನಲ್ಲಿ ಊರು, ದಿನ, ಸಮಯ ಆರಿಸಿ ದುಡ್ಡು ಕಟ್ಟಿದರೆ ಮೈಕ್, ಕ್ಯಾಮರಾ, ಲೈಟ್ ಇರುವ ಕೋಣೆ ಗಂಟೆ ಲೆಕ್ಕದಲ್ಲಿ ಸಿಗುತ್ತದೆ. ಅಮೆರಿಕದ ಪೀರ್‌ಸ್ಪೇಸ್‌ನಂತಹ ಸೇವೆಗಳು ನಡೆಯುವುದೇ ಹೀಗೆ: ಕೋಣೆ ಒಬ್ಬರದ್ದು, ಬಾಡಿಗೆ ಇನ್ನೊಬ್ಬರದ್ದು, ನಡುವೆ ಸೇವೆಗೆ ಕಮಿಷನ್. ಬೆಂಗಳೂರು, ಮುಂಬೈಯ ಸ್ಟುಡಿಯೋಗಳೂ ಆನ್‌ಲೈನ್ ಬುಕಿಂಗ್ ತೆಗೆದುಕೊಳ್ಳುತ್ತಿವೆ.

2004ರಲ್ಲಿ ‘ಪಾಡ್‌ಕಾಸ್ಟ್’ ಎಂಬ ಪದ ಹುಟ್ಟಿದಾಗ ಅದು ಕೇಳುವ ಮಾಧ್ಯಮ ಮಾತ್ರವಾಗಿತ್ತು. ಒಂದು ಮೈಕ್ ಇದ್ದರೆ ಸಾಕಿತ್ತು. ಈಗ ಜನ ಯೂಟ್ಯೂಬ್‌ನಲ್ಲಿ ನೋಡುತ್ತಾರೆ. ಕ್ಯಾಮರಾ ಬಂತು, ಲೈಟ್ ಬಂತು, ಹಿಂದೆ ಚಂದದ ಗೋಡೆಯೂ ಬೇಕಾಯಿತು. ಸ್ಟುಡಿಯೋ ಬಾಡಿಗೆಗೆ ಬೇಡಿಕೆ ಬಂದದ್ದು ಹೀಗೆ.

ಆದರೆ ಪರದೆಯ ಮೇಲೆ ಕಾಣುವ ದರವೇ ಪೂರ್ತಿ ಖರ್ಚಲ್ಲ. ಮೈಕ್ ಹೊಂದಿಸುವ ಸಮಯವೂ ಬಾಡಿಗೆಗೆ ಸೇರುತ್ತದಾ? ಆಪರೇಟರ್, ಎಡಿಟಿಂಗ್‌ಗೆ ಬೇರೆ ದುಡ್ಡಾ? ಅತಿಥಿ ಬಾರದಿದ್ದರೆ ಹಣ ವಾಪಸ್ ಸಿಗುತ್ತದಾ? ಇದನ್ನೆಲ್ಲ ಮೊದಲೇ ಕೇಳಬೇಕು.

ಅದಕ್ಕಿಂತ ದೊಡ್ಡ ಪ್ರಶ್ನೆ ಹಕ್ಕಿನದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಕರ್ತೃ ಅದರ ನಿರ್ಮಾಪಕ, ಅಂದರೆ ಮುಂದೆ ನಿಂತು ಜವಾಬ್ದಾರಿ ಹೊತ್ತು ಅದನ್ನು ಮಾಡಿಸಿದವನು. ಬರೀ ಕೋಣೆ ಬಾಡಿಗೆಗೆ ಕೊಟ್ಟ ಮಾತ್ರಕ್ಕೆ ಸ್ಟುಡಿಯೋದವರು ಮಾಲಕರಾಗುವುದಿಲ್ಲ. ಆದರೆ ಒಪ್ಪಂದಕ್ಕೆ ಸಹಿ ಹಾಕಿದರೆ ಹಕ್ಕು ಕೈ ಬದಲಾಗಬಹುದು. ಹಾಗಾಗಿ ಷರತ್ತು ಓದದೆ ‘ಒಪ್ಪಿದೆ’ ಒತ್ತಬಾರದು. ಎಡಿಟ್ ಆಗದ ಮೂಲ ಫೈಲ್ ಅಂದೇ ಕೈಗೆ ಬರಬೇಕು. ಚಾನೆಲ್‌ನ ಪಾಸ್‌ವರ್ಡ್ ಯಾರಿಗೂ ಕೊಡಬಾರದು.

ಬ್ಯಾರಿ ಯುವಕರಿಗೆ ಈ ಮಾತು ಇನ್ನಷ್ಟು ಮುಖ್ಯ. ಬ್ಯಾರಿ ಬಾಳಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ನಾಲಗೆಯ ಮೇಲೆ. ಸಾಹಿತ್ಯ ಅಕಾಡೆಮಿ ಬಂದದ್ದೇ 2007ರಲ್ಲಿ. ‘ಬ್ಯಾರಿ’ ಸಿನೆಮಾ 2011ರ ಸಾಲಿನ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡಿತು. ಆದರೂ ಮದುವೆ ಮನೆಯ ಹಾಡು, ಹಳೆಯ ವ್ಯಾಪಾರದ ಮಾತು, ಗಾದೆಗಳು ಹಿರಿಯರ ಬಾಯಲ್ಲೇ ಉಳಿದಿವೆ. ಅವರು ಹೋದರೆ ಅವೂ ಹೋಗುತ್ತವೆ.

ಆ ಹಿರಿಯರು ಸ್ಟುಡಿಯೋ ಹುಡುಕಿಕೊಂಡು ಬರುವುದಿಲ್ಲ. ಮಂಜೇಶ್ವರದ ಮನೆಯಲ್ಲೇ ಫ್ಯಾನ್ ಆಫ್ ಮಾಡಿ, ಕಿಟಕಿಗೆ ದಪ್ಪ ಪರದೆ ಇಳಿಸಿ, ಅಂಗಿಗೆ ಸಣ್ಣ ಮೈಕ್ ಸಿಕ್ಕಿಸಿದರೆ ಮೊಬೈಲಿನಲ್ಲೇ ಕೇಳುವಂತಹ ರೆಕಾರ್ಡಿಂಗ್ ಆಗುತ್ತದೆ. ಅವರ ಒಪ್ಪಿಗೆ ಪಡೆದು, ಎರಡು ಕಡೆ ಕಾಪಿ ಇಟ್ಟರೆ ಆಯಿತು. ವೈದ್ಯರು, ವಕೀಲರನ್ನು ಕೂರಿಸಿ ಚರ್ಚೆ ಮಾಡುವುದಾದರೆ ಸ್ಟುಡಿಯೋ ಬೇಕು. ಆಗ ಒಂದೇ ಬುಕಿಂಗ್‌ನಲ್ಲಿ ಮೂರು ನಾಲ್ಕು ಕಂತು ಮುಗಿಸುವುದು ಲಾಭ.

ಸ್ಟುಡಿಯೋ ನಾಳೆಯೂ ಬಾಡಿಗೆಗೆ ಸಿಗುತ್ತದೆ. ಹಿರಿಯರ ರೆಕಾರ್ಡಿಂಗ್ ಮಾತ್ರ ಈ ವಾರವೇ ಶುರುವಾಗಲಿ.