ಖಾಲಿ ಸೈಟಿನಿಂದ ಬಂದ ಸೀನು

ಮಳೆಗಾಲ ಹಿಡಿದು ಒಂದೂವರೆ ತಿಂಗಳಾದರೆ ಸಾಕು, ನಮ್ಮ ಮನೆಗೆ ಬೆಳಗಿನ ಅಲಾರಂ ಬೇಕಿಲ್ಲ. ಐದೂವರೆಗೆ ತಮ್ಮ ಸೀನಲು ಶುರು ಮಾಡುತ್ತಾನೆ. ಒಂದರ ಬೆನ್ನಿಗೊಂದು ಹತ್ತು ಹನ್ನೆರಡು. ಆಮೇಲೆ ನಲ್ಲಿ ಬಿಟ್ಟ ಹಾಗೆ ಮೂಗಿನಿಂದ ನೀರು, ಕಣ್ಣಲ್ಲಿ ತುರಿಕೆ, ಅಂಗುಳಲ್ಲಿ ಕೆರೆತ. "ರಾತ್ರಿ ಮೊಸರನ್ನ ತಿನ್ನಬೇಡ ಅಂತ ಬಡ್ಕೊಂಡೆ" ಎಂದು ಅಮ್ಮ. "ಫ್ಯಾನ್ ಕಡಿಮೆ ಮಾಡ್ಕೋ ಅಂದ್ರೆ ಕೇಳಲ್ಲ" ಎಂದು ಅಪ್ಪ. ಮೆಡಿಕಲ್ ಶಾಪಿನವರು ಕೊಟ್ಟದ್ದು ಐದು ದಿನದ ಆಂಟಿಬಯೋಟಿಕ್. ಮೊಸರು, ಫ್ಯಾನು, ರೋಗಾಣು ಮೂರರ ಮೇಲೂ ಕೇಸು ಬಿತ್ತು. ಮೂರೂ ನಿರಪರಾಧಿಗಳು.

ಇದು ನೆಗಡಿಯಲ್ಲ. ನೆಗಡಿಯಾದರೆ ಮೈಕೈ ನೋವು, ಗಂಟಲು ನೋವು, ಕೆಲವೊಮ್ಮೆ ಸಣ್ಣ ಜ್ವರ ಇರುತ್ತದೆ. ವಾರ ಹತ್ತು ದಿನದಲ್ಲಿ ಹೊರಟುಹೋಗುತ್ತದೆ. ಇಲ್ಲಿ ಜ್ವರವಿಲ್ಲ, ಸುರಿಯುವುದು ತಿಳಿನೀರು, ತುರಿಕೆಯದೇ ಕಾರುಬಾರು, ಮತ್ತು ವಾರಗಟ್ಟಲೆ ಬಿಡುವುದಿಲ್ಲ. ಪ್ರತಿವರ್ಷ ಅದೇ ಹೊತ್ತಿಗೆ ಬರುತ್ತದೆ. ಇಂಗ್ಲಿಷಿನವರು ಹೇ ಫೀವರ್, ಹುಲ್ಲುಜ್ವರ, ಎಂದು ಹೆಸರಿಟ್ಟಿರುವ ಈ ಕಾಯಿಲೆಯನ್ನು ವೈದ್ಯರು ಅಲರ್ಜಿಕ್ ರೈನೈಟಿಸ್ ಎಂದು ಬರೆಯುತ್ತಾರೆ.

ತಪ್ಪು ಆರೋಪಿಯನ್ನು ಹಿಡಿಯುವ ಚಾಳಿ ನಮ್ಮದಷ್ಟೇ ಅಲ್ಲ. 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬಾಸ್ಟಾಕ್ ಈ ಕಾಯಿಲೆಯನ್ನು ಮೊದಲ ಬಾರಿಗೆ ವಿವರವಾಗಿ ಬರೆದಿಟ್ಟ. ರೋಗಿ ಬೇರೆ ಯಾರೂ ಅಲ್ಲ, ಅವನೇ. ಚಿಕ್ಕಂದಿನಿಂದಲೂ ಪ್ರತಿ ಬೇಸಿಗೆಯಲ್ಲಿ ಕಣ್ಣು ಮೂಗು ಸುರಿಸಿಕೊಂಡು ಬಂದವನು. ಅಷ್ಟು ಸೂಕ್ಷ್ಮವಾಗಿ ಗಮನಿಸಿದವನೂ ಕೊನೆಗೆ ತಪ್ಪು ಹೊರಿಸಿದ್ದು ಬಿಸಿಲಿನ ಮೇಲೆ. ಪರಾಗವೇ ಕಾರಣ ಎಂದು ತೋರಿಸಿಕೊಟ್ಟದ್ದು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ, 1873ರ ತನ್ನ ಪುಸ್ತಕದಲ್ಲಿ. ಅವನೂ ಇದೇ ಕಾಯಿಲೆಯವನು. ಅಂಟು ಬಳಿದ ಗಾಜನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಎತ್ತರದ ಗಾಳಿಯಲ್ಲೂ ಹುಲ್ಲಿನ ಪರಾಗ ತೇಲುತ್ತಿದೆ ಎಂದು ಎಣಿಸಿ ತೋರಿಸಿದ. ತನ್ನ ಚರ್ಮವನ್ನೇ ಗೀರಿ ಪರಾಗ ಸವರಿ ಬಾವು ಬರಿಸಿಕೊಂಡ. ಇಂದು ಅಲರ್ಜಿ ಕ್ಲಿನಿಕ್ಕಿನಲ್ಲಿ ಮುಂಗೈ ಮೇಲೆ ಹನಿ ಹಾಕಿ ಸೂಜಿಯಲ್ಲಿ ಚುಚ್ಚುತ್ತಾರಲ್ಲ, ಆ ಪರೀಕ್ಷೆಯ ಮೂಲಪುರುಷ ಇವನೇ.

ಪರಾಗ ವಿಷವಲ್ಲ. ನಾವೆಲ್ಲ ದಿನವೂ ಅದನ್ನು ಉಸಿರಾಡುತ್ತೇವೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ, ಕನ್ನಡದಲ್ಲಿ ಎಷ್ಟು ಸರಿಯಾಗಿ ಹೇಳುತ್ತೇವೆ ನೋಡಿ, ಅದು 'ಆಗಿಬರುವುದಿಲ್ಲ'. ಆಗಿಬರದವರ ದೇಹ ಆ ಪರಾಗವನ್ನು ಶತ್ರುವೆಂದು ಗುರುತು ಹಾಕಿಕೊಂಡು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಈ ಪ್ರತಿಕಾಯಗಳು ಮೂಗಿನ ಒಳಪದರದಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಹೋಗಿ ಕೂರುತ್ತವೆ. ಇಷ್ಟೆಲ್ಲ ನಡೆಯುವಾಗ ನಮಗೆ ಸುಳಿವೇ ಇರುವುದಿಲ್ಲ. ಮತ್ತೆ ಅದೇ ಪರಾಗ ಮೂಗಿಗೆ ಬಿದ್ದಾಗ ಮಾಸ್ಟ್ ಕೋಶಗಳು ಒಡೆದಂತೆ ಹಿಸ್ಟಮಿನ್ ಸುರಿಸುತ್ತವೆ. ಕೆಲವೇ ನಿಮಿಷಗಳಲ್ಲಿ ಸೀನು, ತುರಿಕೆ, ನೀರು. ಕತೆ ಅಲ್ಲಿಗೆ ಮುಗಿಯುವುದಿಲ್ಲ. ಕೆಲವು ಗಂಟೆಗಳ ನಂತರ ಎರಡನೆಯ ಅಲೆ ಏಳುತ್ತದೆ: ಬೇರೆ ಬಗೆಯ ರಕ್ತಕಣಗಳು ಅಲ್ಲಿಗೆ ನುಗ್ಗಿ ಒಳಪದರ ಊದಿಕೊಳ್ಳುತ್ತದೆ, ಮೂಗು ಕಟ್ಟುತ್ತದೆ. ಈ ಎರಡು ಅಲೆಗಳ ಲೆಕ್ಕ ನೆನಪಿದ್ದರೆ ಯಾವ ಔಷಧಿ ಯಾಕೆ ಎಂಬುದು ತಾನಾಗಿ ಅರ್ಥವಾಗುತ್ತದೆ.

ಅದಕ್ಕೆ ಮೊದಲು ನಮ್ಮೂರಿನ ಆರೋಪಿ ಯಾರು ಎಂದು ನೋಡೋಣ. ಬೆಂಗಳೂರಿನಲ್ಲಿ ಟಬೂಬಿಯಾ ಮರಗಳು ಗುಲಾಬಿ ಬಣ್ಣಕ್ಕೆ ತಿರುಗಿದ ಕೂಡಲೇ "ಹೂವಿನ ಕಾಟ ಶುರುವಾಯ್ತು" ಎನ್ನುವವರಿದ್ದಾರೆ. ಪಾಪ, ಕಣ್ಸೆಳೆಯುವ ಹೂವುಗಳ ಪರಾಗ ಸಾಮಾನ್ಯವಾಗಿ ಅಂಟಂಟು, ಭಾರ. ದುಂಬಿಯ ಕಾಲಿಗೆ ಮೆತ್ತಿಕೊಂಡು ಹೋಗಲೆಂದೇ ಇರುವಂಥದ್ದು. ಅಲರ್ಜಿ ತರುವುದು ಹೆಚ್ಚಾಗಿ ಅಂದಚಂದವಿಲ್ಲದ ಹೂವು. ಹುಲ್ಲು, ಗಾಳಿಮರ, ಬಳ್ಳಾರಿ ಜಾಲಿ, ಮತ್ತು ಇವೆಲ್ಲಕ್ಕಿಂತ ನಮ್ಮ ಕಾಲಬುಡದಲ್ಲೇ ಇರುವ ಕಾಂಗ್ರೆಸ್ ಗಿಡ.

ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಅದು ಎದೆಮಟ್ಟ ಬೆಳೆಯುತ್ತದೆ. ಕ್ಯಾರೆಟ್ ಸೊಪ್ಪಿನಂಥ ಸೀಳುಸೀಳು ಎಲೆ, ತುದಿಯಲ್ಲಿ ಕೊತ್ತಂಬರಿ ಕಾಳಿನಷ್ಟು ಗಾತ್ರದ ಬಿಳಿ ಹೂಗೊಂಚಲು. ಮಳೆ ಬಿದ್ದು ಮೊಳೆತರೆ ನಾಲ್ಕೈದು ವಾರಕ್ಕೆ ಹೂವು. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಮೆಕ್ಸಿಕೋ ಕಡೆಯ ಈ ಗಿಡ, ಪಾರ್ಥೇನಿಯಂ, ನಮ್ಮ ದೇಶದಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು 1955ರಲ್ಲಿ ಪುಣೆಯಲ್ಲಿ. ಆಮೇಲೆ ಅದು ಹೋಗದ ಊರಿಲ್ಲ. ಇದನ್ನು ಮುಟ್ಟಿದವರ ಚರ್ಮ ಕೆಂಪಾಗಿ ಕೆರೆಯುವುದು ಎಲ್ಲರಿಗೂ ಗೊತ್ತಿತ್ತು. ಇದರ ಪರಾಗ ಗಾಳಿಯಲ್ಲಿ ತೇಲಿ ಮೂಗಿಗೂ ತೊಂದರೆ ಕೊಡುತ್ತದೆ ಎಂಬುದನ್ನು ಬೆಂಗಳೂರಿನಲ್ಲೇ ಸಂಶೋಧಕರು ಪರೀಕ್ಷಿಸಿ ನೋಡಿದರು; 1991ರಲ್ಲಿ ಪ್ರಕಟವಾದ ಅವರ ಸಮೀಕ್ಷೆಯ ಪ್ರಕಾರ ನಗರದಲ್ಲಿ ನೂರಕ್ಕೆ ಏಳು ಮಂದಿಗೆ ಈ ಗಿಡದ ಪರಾಗದಿಂದಲೇ ಮೂಗಿನ ಅಲರ್ಜಿ. ಕಳೆಯನ್ನು ತಿಂದುಹಾಕಲೆಂದು ಮೆಕ್ಸಿಕೋದಿಂದ ತರಿಸಿದ್ದ ಒಂದು ಪುಟ್ಟ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಗಿತ್ತು. ಕೆನೆಬಣ್ಣದ ಬೆನ್ನು, ಮೇಲೆ ಕಂದು ಗೆರೆಗಳು. ಮಳೆಗಾಲದಲ್ಲಿ ಹುಡುಕಿದರೆ ಈಗಲೂ ಸಿಗುತ್ತದೆ.

ವರ್ಷವಿಡೀ ಸೀನುವವರು ಮಾತ್ರ ಸೈಟಿನ ಕಡೆ ನೋಡುವುದಕ್ಕಿಂತ ಹಾಸಿಗೆ ಕಡೆ ನೋಡಬೇಕು. ದಿಂಬು, ಹಾಸಿಗೆಗಳಲ್ಲಿ ಕಣ್ಣಿಗೆ ಕಾಣದ ದೂಳುಹುಳಗಳಿರುತ್ತವೆ. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯುವುದು ಅವರಿಗೆ ಉಪಯೋಗ. ಪರಾಗದವರಿಗೆ ಉಪಾಯ ಬೇರೆ: ಬೈಕಿನಲ್ಲಿ ಹೆಲ್ಮೆಟ್ಟಿನ ಗಾಜು ಕೆಳಗೆ, ಮುಖಕ್ಕೆ ಮಾಸ್ಕ್, ಮನೆಗೆ ಬಂದ ಮೇಲೆ ಮುಖ ತೊಳೆದು ಬಟ್ಟೆ ಬದಲಿಸುವುದು, ಕಳೆ ಹೂಬಿಟ್ಟ ದಿನಗಳಲ್ಲಿ ಬೆಡ್‌ಶೀಟನ್ನು ಹೊರಗೆ ಒಣಹಾಕದಿರುವುದು. ಪೂರ್ತಿ ತಪ್ಪಿಸಿಕೊಳ್ಳುತ್ತೇನೆ ಎಂದರೆ ಆಗದು. ಗಾಳಿಗೆ ಬೇಲಿ ಹಾಕಿದವರುಂಟೆ?

ಇನ್ನು ಔಷಧಿ. ಸಿಟ್ರಿಜಿನ್, ಲಿವೊಸಿಟ್ರಿಜಿನ್, ಫೆಕ್ಸೊಫೆನಡಿನ್ ಮಾತ್ರೆಗಳು ಹಿಸ್ಟಮಿನ್ನಿನ ದಾರಿ ಕಟ್ಟುತ್ತವೆ. ಎಂದರೆ ಮೊದಲ ಅಲೆಗೆ ಮದ್ದು: ಸೀನು, ತುರಿಕೆ, ನೀರು ನಿಲ್ಲುತ್ತದೆ, ಕಟ್ಟಿದ ಮೂಗು ಅಷ್ಟಾಗಿ ಬಿಡುವುದಿಲ್ಲ. ಹಳೆಯ ಕಾಲದ ಏವಿಲ್‌ನಂಥವು ತೂಕಡಿಕೆ ತರುತ್ತವೆ, ಗಾಡಿ ಓಡಿಸುವವರಿಗೆ ಅಪಾಯ. ಹೊಸದರಲ್ಲಿ ಸಿಟ್ರಿಜಿನ್ ಕೂಡ ಕೆಲವರಿಗೆ ಮಂಪರು, ಫೆಕ್ಸೊಫೆನಡಿನ್ ಕಡಿಮೆ. ಅದನ್ನು ನೀರಿನಲ್ಲೇ ನುಂಗಬೇಕು, ಕಿತ್ತಳೆ, ಸೇಬಿನ ಜ್ಯೂಸಿನ ಜೊತೆ ಕುಡಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಎರಡನೆಯ ಅಲೆಗೆ ಬೇಕಾದದ್ದು ಸ್ಟಿರಾಯ್ಡ್ ಸ್ಪ್ರೇ: ಫ್ಲುಟಿಕಸೋನ್, ಮೊಮೆಟಸೋನ್ ಇತ್ಯಾದಿ. ದಿನವೂ ಕಾಡುವ ಮೂಗಿಗೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ. ಸ್ಟಿರಾಯ್ಡ್ ಎಂದ ಕೂಡಲೇ ಜನ ಹೆದರುತ್ತಾರೆ; ಮೂಗಿನೊಳಗೇ ಕೆಲಸ ಮಾಡುವ ಈ ಅಲ್ಪ ಪ್ರಮಾಣಕ್ಕೂ ನುಂಗುವ ಮಾತ್ರೆಗೂ ಬಹಳ ಅಂತರವಿದೆ. ಇದರ ನಿಜವಾದ ತೊಂದರೆ ಎಂದರೆ ನಿಧಾನ. ಪೂರ್ತಿ ಗುಣ ತೋರಿಸಲು ಒಂದೆರಡು ವಾರ ಬೇಕು. ತಮ್ಮ ಎರಡೇ ದಿನ ಹೊಡೆದುಕೊಂಡು "ಏನೂ ಆಗ್ಲಿಲ್ಲ" ಎಂದು ಬಾಟಲಿಯನ್ನು ಫ್ರಿಜ್ ಮೇಲೆ ಎಸೆದಿದ್ದ. ಹೊಡೆದುಕೊಳ್ಳುವ ರೀತಿಯೂ ತಪ್ಪಾಗಿತ್ತು. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲಕ್ಕೆ, ತುದಿ ಕಿವಿಯ ಕಡೆ ಮುಖ ಮಾಡಿರಬೇಕು. ನಡುಗೋಡೆಗೆ ತಾಗಿದರೆ ರಕ್ತ ಬರಬಹುದು. ಜೋರಾಗಿ ಎಳೆದುಕೊಂಡರೆ ಮದ್ದು ಗಂಟಲಿಗೆ ಹೋಗುತ್ತದೆ. ನಾಲಿಗೆಗೆ ರುಚಿ ಸಿಕ್ಕಿತೆಂದರೆ ಮೂಗಿಗೆ ಸಿಗಲಿಲ್ಲವೆಂದೇ ಅರ್ಥ. ಕಾಯಿಲೆ ಬರುವ ತಿಂಗಳು ಗೊತ್ತಿದ್ದವರು ಅದಕ್ಕೆ ಎರಡು ವಾರ ಮುಂಚೆಯೇ, ವೈದ್ಯರನ್ನು ಕೇಳಿ, ಶುರು ಮಾಡಿದರೆ ಜಾಣತನ.

ಜನ ಮೆಚ್ಚುವುದು ಇದನ್ನಲ್ಲ, ಹಾಕಿದ ಹತ್ತು ನಿಮಿಷಕ್ಕೆ ಮೂಗು ಬಿಡಿಸುವ ಡ್ರಾಪ್ಸನ್ನು. ಆಕ್ಸಿಮೆಟಜೋಲಿನ್, ಜೈಲೊಮೆಟಜೋಲಿನ್ ಇರುವ ಆ ಹನಿಗಳನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಹಾಕಿಕೊಂಡರೆ ಮದ್ದಿನಿಂದಲೇ ಮೂಗು ಕಟ್ಟತೊಡಗುತ್ತದೆ. ಮತ್ತೆ ಹನಿ, ಮತ್ತೆ ಕಟ್ಟು. ದಿಂಬಿನ ಕೆಳಗೆ ವರ್ಷಗಟ್ಟಲೆ ಆ ಪುಟ್ಟ ಬಾಟಲಿ ಇಟ್ಟುಕೊಂಡವರನ್ನು ಕಂಡಿದ್ದೇನೆ. ಅಲರ್ಜಿ ಮಾತ್ರೆಯ ಜೊತೆ ಮೊಂಟೆಲುಕಾಸ್ಟ್ ಬೆರೆಸಿ ಕೊಡುವುದು ನಮ್ಮಲ್ಲಿ ಮಾಮೂಲಿ. ಅದು ಕೆಲವರಲ್ಲಿ ಮನಸ್ಸಿನ ಏರುಪೇರು ತರಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದ್ದಾರೆ. ಬರೀ ಸೀನಿಗೆಂದು ಕೇಳಿ ಪಡೆಯುವ ಮಾತ್ರೆ ಅದಲ್ಲ. ಉಪ್ಪುನೀರಲ್ಲಿ ಮೂಗು ತೊಳೆಯುವ ನೇತಿ ಒಳ್ಳೆಯದೇ, ಆದರೆ ನೀರು ಕುದಿಸಿ ಆರಿಸಿದ್ದಾಗಿರಲಿ. ನಲ್ಲಿ ನೀರು ಬೇಡವೇ ಬೇಡ.

ಯಾವುದಕ್ಕೂ ಬಗ್ಗದವರಿಗೆ ಇಮ್ಯುನೊಥೆರಪಿ ಇದೆ. ಆಗಿಬರದ ಪರಾಗವನ್ನೇ ಚೂರುಚೂರು ಕೊಟ್ಟು ದೇಹಕ್ಕೆ ಒಗ್ಗಿಸುವುದು. 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ಇದನ್ನು ಶುರು ಮಾಡಿದಾಗ ಪರಾಗದಲ್ಲಿ ವಿಷವಿದೆ, ಅದಕ್ಕೆ ಲಸಿಕೆ ಹಾಕುತ್ತಿದ್ದೇನೆ ಎಂದುಕೊಂಡಿದ್ದ. ಕಾರಣ ತಪ್ಪು, ಮದ್ದು ಸರಿ. ಮೂರರಿಂದ ಐದು ವರ್ಷದ ತಾಳ್ಮೆ ಬೇಡುವ ಚಿಕಿತ್ಸೆಯಿದು. ಇಂಜೆಕ್ಷನ್ ಆದರೆ ತಜ್ಞರ ಎದುರೇ ಹಾಕಿಸಿಕೊಂಡು ಅರ್ಧ ಗಂಟೆ ಅಲ್ಲೇ ಕೂರಬೇಕು. ಇನ್ನು ಎದೆಯಲ್ಲಿ ಗೊರಗೊರ, ಉಬ್ಬಸ ಕಂಡರೆ, ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ, ರಕ್ತ ಬರುತ್ತಿದ್ದರೆ ಇದನ್ನು ಓದುತ್ತ ಕೂರದೆ ವೈದ್ಯರ ಬಳಿ ಹೋಗಿ.

ಈ ಸಲ ಸೈಟಿನ ಯಜಮಾನರಿಗೆ ಫೋನ್ ಮಾಡಿ ಸುಸ್ತಾಗಿ, ಹೂಬಿಡುವ ಮುಂಚೆ ನಾವೇ ಇಳಿದೆವು. ತಮ್ಮನನ್ನು ಒಳಗೇ ಬಿಟ್ಟು, ನಾನು ಮತ್ತು ಅಪ್ಪ, ಕೈಗೆ ರಬ್ಬರ್ ಗ್ಲೌಸ್, ಮೂಗಿಗೆ ಮಾಸ್ಕ್, ತುಂಬುತೋಳಿನ ಹಳೆಯ ಅಂಗಿ. ಮಳೆಗೆ ನೆಲ ಮೆತ್ತಗಿತ್ತು, ಬೇರುಸಮೇತ ಬಂದವು. ಮೂಲೆಯ ನಾಲ್ಕು ಗಿಡಗಳ ಎಲೆಯೆಲ್ಲ ತೂತು. ಬಗ್ಗಿ ನೋಡಿದರೆ ಕೆನೆಬಣ್ಣದ ಜೀರುಂಡೆಗಳು ಮೇಯುತ್ತಿದ್ದವು. "ಇವನ್ನ ಬಿಡೋಣ, ಅವರ ಊಟ ಮುಗೀಲಿ" ಎಂದರು ಅಪ್ಪ.