ಡೈನಮೋದ ಸ್ಥಾನದಲ್ಲಿ ಆಲ್ಟರ್ನೇಟರು
ಇಂಗ್ಲೆಂಡಿನ ಮಾರಿಸ್ ಮೈನರ್ 1000 ಕಾರಿನ ವಿದ್ಯುದ್ವ್ಯವಸ್ಥೆಯು ಮಿತವ್ಯಯಿಯಾದ ಗೃಹಸ್ಥನ ಸಂಸಾರದಂತೆ ಅಲ್ಪಾದಾಯಕ್ಕೆ ಹೊಂದಿಕೊಂಡು ರಚಿತವಾದುದು. ಅದರ ಲೂಕಾಸ್ ಸಿ40 ಡೈನಮೋ ವೇಗವಾಗಿ ತಿರುಗುವಾಗ ಕೊಡುವುದೇ 22 ಆಂಪಿಯರು. ಎಂಜಿನ್ನು ಮಂದಗತಿಗೆ ಇಳಿದೊಡನೆ ಅದೂ ಇಲ್ಲವಾಗಿ, ಮಳೆಯ ಇರುಳಿನಲ್ಲಿ ಗಾಡಿ ನಿಂತಲ್ಲಿ ಮುಂದೀಪಗಳು ಕಂದಿ, ವೈಪರು ತೂಕಡಿಸಿ, ಡ್ಯಾಶ್‌ಬೋರ್ಡಿನ ಕೆಂಪು ದೀಪವೊಂದೇ ಪ್ರಜ್ವಲಿಸುವುದು. ಇದಕ್ಕೆ ಪರಿಹಾರವಾಗಿ ಹಲವರು ಆಶ್ರಯಿಸುವುದು ಅದೇ ಲೂಕಾಸಿನ 17ಎಸಿಆರ್ ಆಲ್ಟರ್ನೇಟರನ್ನು. ಅದು 36 ಆಂಪಿಯರುಗಳವರೆಗೆ ಕೊಡಬಲ್ಲುದಲ್ಲದೆ, ಮಂದಗತಿಯಲ್ಲಿಯೂ ಬ್ಯಾಟರಿಯನ್ನು ಬರಿದಾಗಗೊಡದು. ಆದರೆ ಈ ಪರಿವರ್ತನೆ ಬರಿಯ ಬೋಲ್ಟು ಬಿಗಿಯುವ ಕಾರ್ಯವಲ್ಲ. ಆ ಕಾಲದ ಅನೇಕ ಆಂಗ್ಲ ಕಾರುಗಳಂತೆ ಇದರಲ್ಲಿಯೂ ಬ್ಯಾಟರಿಯ ಧನಧ್ರುವವೇ ಲೋಹದ ದೇಹಕ್ಕೆ ಬದ್ಧವಾಗಿರುವುದರಿಂದ, ಮೊದಲು ಋಣಧ್ರುವವನ್ನು ಅಲ್ಲಿಗೆ ತಂದು, ಇಗ್ನಿಷನ್ ಕಾಯಿಲಿನ ಎರಡು ತಂತಿಗಳನ್ನು ಅದಲುಬದಲು ಮಾಡಬೇಕು. ಧ್ರುವಗಳನ್ನು ಬದಲಿಸುವುದನ್ನು ಮರೆತು ಬ್ಯಾಟರಿಯನ್ನು ಜೋಡಿಸಿದವನ ಆಲ್ಟರ್ನೇಟರಿನೊಳಗಣ ಸಿಲಿಕಾನ್ ಡಯೋಡುಗಳು ಕ್ಷಣಾರ್ಧದಲ್ಲಿ ಸುಟ್ಟುಹೋಗುವುವು. ಹಿಂದಿನ ಪ್ರವಾಹಕ್ಕೆಂದು ಎಳೆದಿದ್ದ ಸಪುರವಾದ ತಂತಿ ಹೊಸ ಹೊರೆಗೆ ಕಾಯುವುದರಿಂದ, ಬ್ಯಾಟರಿಯವರೆಗೆ ದಪ್ಪ ಕೇಬಲ್ಲನ್ನೇ ಎಳೆಯುವುದು ಯುಕ್ತ. ಸಾಮಾನ್ಯವಾಗಿ ಉಪೇಕ್ಷಿತವಾಗುವುದೂ ಇದೇ. ವೋಲ್ಟೇಜ್ ನಿಯಂತ್ರಕವು ಆಲ್ಟರ್ನೇಟರಿನ ಬೆನ್ನಲ್ಲಿಯೇ ಅಡಕವಾಗಿರುವುದರಿಂದ ಹಳೆಯ ನಿಯಂತ್ರಣ ಪೆಟ್ಟಿಗೆಗೆ ಕೆಲಸವಿಲ್ಲ; ಆದರೂ ಕೆಲವರು ಅದನ್ನು ತಂತಿಗಳ ಕೂಡುನೆಲೆಯಾಗಿ ಉಳಿಸಿಕೊಳ್ಳುತ್ತಾರೆ, ಮೂಲರೂಪದ ಮೇಲಣ ಅಭಿಮಾನ ಇನ್ನೂ ಮಿಗಿಲಾದವರು ಡೈನಮೋದ ಆಕಾರದಲ್ಲಿಯೇ ತಯಾರಾಗುವ ಆಲ್ಟರ್ನೇಟರನ್ನು ಕೊಳ್ಳುತ್ತಾರೆ. ದುಬಾರಿಯಾದ ಈ ವೇಷ ನನಗಂತೂ ಅನಾವಶ್ಯಕವೆನಿಸುತ್ತದೆ. ಹಗಲಿನಲ್ಲಷ್ಟೇ, ರೇಡಿಯೋ ಇಲ್ಲದೆ ಓಡುವ ಕಾರಿಗಾದರೋ ಸುಸ್ಥಿತಿಯ ಡೈನಮೋವೇ ಸಾಕು.