ಸರ್ಪಸುತ್ತಿಗೆ ಲಸಿಕೆ ಉಂಟು, ಇಪ್ಪತ್ತು ಸಾವಿರ ಎಲ್ಲುಂಟು?

ಎಪಿಎಂಸಿ ಯಾರ್ಡಿನಲ್ಲಿ ಮೂವತ್ತು ವರ್ಷದಿಂದ ಮೂಟೆ ಹೊರುತ್ತಿದ್ದ ಹಮಾಲಿಯೊಬ್ಬನಿಗೆ ಎಡಪಕ್ಕೆಯಲ್ಲಿ ಉರಿ ಶುರುವಾಯಿತು. ವಯಸ್ಸು ಅರವತ್ತಮೂರು. ಮೂಟೆ ತಗುಲಿರಬೇಕು ಅಂದುಕೊಂಡು ಎಣ್ಣೆ ತಿಕ್ಕಿಸಿಕೊಂಡ. ಮೂರನೇ ದಿನಕ್ಕೆ ಬೆನ್ನಿನಿಂದ ಹೊಟ್ಟೆಯವರೆಗೆ ಪಟ್ಟಿ ಎಳೆದ ಹಾಗೆ ನೀರುಗುಳ್ಳೆ ಎದ್ದವು. ಪಕ್ಕದ ಮನೆಯ ಮುದುಕಿ ಬಂದು ನೋಡಿ, "ಅಯ್ಯೋ, ಇದು ಸರ್ಪಸುತ್ತು ಕಣವ್ವ. ತಲೆ ಬಾಲ ಸೇರೋದ್ರೊಳಗೆ ಮಂತ್ರ ಹಾಕಿಸ್ಬಿಡು" ಅಂತ ಹೆಂಡತಿಗೆ ಹೇಳಿದಳು. ಆತ ಹೋದದ್ದು ಆಸ್ಪತ್ರೆಗಲ್ಲ, ಹಳೇಪೇಟೆಯಲ್ಲಿ ಕೆಮ್ಮಣ್ಣು ಕಲಸಿ ಹಚ್ಚುವ ಅಜ್ಜನ ಜಗುಲಿಗೆ.

ಇದು ಒಬ್ಬ ಹಮಾಲಿಯ ಕಥೆಯಲ್ಲ. ನಿವೃತ್ತ ಮೇಷ್ಟ್ರು, ಜವಳಿ ಅಂಗಡಿ ಸಾಹುಕಾರ, ಹೂ ಮಾರುವಾಕೆ, ಎಲ್ಲರೂ ಅದೇ ಜಗುಲಿ ಹತ್ತಿದವರೇ. ಕೆಲವರು ಅಷ್ಟಕ್ಕೆ ನಿಲ್ಲದೆ ಕುಕ್ಕೆಗೋ ಘಾಟಿಗೋ ಹೋಗಿ ಬರುತ್ತಾರೆ. ಯಾವ ಕಾಲದಲ್ಲೋ ಹೊಲದಲ್ಲಿ ಹೊಡೆದ ಹಾವನ್ನು ನೆನಪು ಮಾಡಿಕೊಂಡು ಮನೆಮಂದಿಯೆಲ್ಲ ಹೆದರುತ್ತಾರೆ.

ಅಜ್ಜನನ್ನು ಬೈಯೋದು ಸುಲಭ. ಆದರೆ ಆತ ಕಾಸಿಗೆ ಕೈಚಾಚುವವನಲ್ಲ. ಎಲೆ ಅಡಿಕೆ ಜೊತೆ ಹತ್ತು ರೂಪಾಯಿ ಇಟ್ಟರೆ ಇಟ್ಟರು, ಇಲ್ಲವಾದರೆ ಇಲ್ಲ. ಗುಳ್ಳೆಗಳು ಎರಡರಿಂದ ನಾಲ್ಕು ವಾರದಲ್ಲಿ ತಾವಾಗಿಯೇ ಒಣಗಿ ಉದುರುತ್ತವೆ. ಕೆಮ್ಮಣ್ಣು ಹಚ್ಚಿದರೂ ಅಷ್ಟೇ, ಹಚ್ಚದಿದ್ದರೂ ಅಷ್ಟೇ. ಹೀಗಾಗಿ ಹೆಸರು ಅಜ್ಜನಿಗೆ ಬರುತ್ತದೆ. ಹೋಗುವುದು ಮೂರು ದಿನ ಮಾತ್ರ. ಆ ಮೂರು ದಿನಕ್ಕೇ ಇಲ್ಲಿ ಬೆಲೆ ಇರೋದು.

ಕಾಯಿಲೆಯ ಮೂಲ ಹಾವಲ್ಲ, ಅಮ್ಮ. ಚಿಕ್ಕಂದಿನಲ್ಲಿ ಮೈಮೇಲೆ ಸೀತಾಳ ಸಿಡುಬು ಎದ್ದಾಗ ಬೇವಿನ ಸೊಪ್ಪಿನ ನೀರು ಹಾಕಿ, ತಂಪು ಮಾಡಿ, ಅಮ್ಮನನ್ನು ಕಳಿಸಿಕೊಟ್ಟೆವು ಅಂತ ಮನೆಯವರು ನಿಟ್ಟುಸಿರು ಬಿಟ್ಟಿರುತ್ತಾರೆ. ಆದರೆ ಆ ವೈರಸ್ಸು ಮೈ ಬಿಟ್ಟು ಹೋಗಿರುವುದೇ ಇಲ್ಲ. ಬೆನ್ನುಮೂಳೆಯ ಪಕ್ಕದ ನರದ ಬೇರಿನಲ್ಲಿ ನಲವತ್ತು ಐವತ್ತು ವರ್ಷ ಸುಮ್ಮನೆ ಮಲಗಿರುತ್ತದೆ. ವಯಸ್ಸಾಗಿ, ಸಕ್ಕರೆ ಕಾಯಿಲೆ ಹತ್ತಿ, ಅಥವಾ ಕ್ಯಾನ್ಸರಿನ ಔಷಧಿ ನಡೆದು ಮೈಯ ಕಾವಲು ಸಡಿಲವಾದಾಗ ಎದ್ದು, ಅದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಇದನ್ನು ಲೆಕ್ಕ ಹಾಕಿ 1965ರಲ್ಲಿ ಬರೆದವನು ಯಾವ ದೊಡ್ಡ ಪ್ರಯೋಗಶಾಲೆಯ ಪಂಡಿತನೂ ಅಲ್ಲ. ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನಲ್ಲಿ ಜ್ವರ ಕೆಮ್ಮು ನೋಡುತ್ತಿದ್ದ ಹೋಪ್-ಸಿಂಪ್ಸನ್ ಎಂಬ ಡಾಕ್ಟರು, ತನ್ನ ರೋಗಿಗಳ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಟ್ಟುಕೊಂಡೇ ಅದನ್ನು ತೋರಿಸಿದ.

ತಲೆ ಬಾಲ ಸೇರಿದರೆ ಸಾವು ಅನ್ನುವ ಮಾತಿದೆಯಲ್ಲ, ಅದು ಸೇರುವುದೇ ಅಪರೂಪ. ಒಂದೊಂದು ನರವೂ ಮೈಯ ಒಂದೇ ಪಕ್ಕಕ್ಕೆ, ನಡುಗೆರೆಯ ತನಕ ಹೋಗಿ ನಿಲ್ಲುತ್ತದೆ. ಗುಳ್ಳೆಯೂ ಅಲ್ಲೇ ನಿಲ್ಲುತ್ತದೆ. ಹಾವನ್ನು ಅರ್ಧಕ್ಕೆ ನಿಲ್ಲಿಸಿದ ಪುಣ್ಯ ಮಾತ್ರ ಮಂತ್ರದ ಲೆಕ್ಕಕ್ಕೆ!

ಇನ್ನು ಆ ಮೂರು ದಿನ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ಸಿನ ಮಾತ್ರೆ ಶುರುವಾದರೆ ಕಾಯಿಲೆಯ ಕಾಲವೂ ಕಮ್ಮಿ, ಉರಿಯೂ ಕಮ್ಮಿ. ಏಸಿಕ್ಲೊವಿರ್ ಎಂಬ ಮಾತ್ರೆ ಹೊಸದೂ ಅಲ್ಲ, ದುಬಾರಿಯೂ ಅಲ್ಲ; ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ. ಹಣೆ ಮೇಲೆ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರಂತೂ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಓಡಬೇಕು, ದೃಷ್ಟಿಯೇ ಹೋದ ಉದಾಹರಣೆಗಳಿವೆ. ಕೆಮ್ಮಣ್ಣು ಒಣಗುವ ತನಕ ಕಾದು ಕೂತರೆ ಆ ಗಡುವು ದಾಟಿರುತ್ತದೆ. ಅಜ್ಜನೇ "ಮೊದ್ಲು ಡಾಕ್ಟ್ರಿಗೆ ತೋರಿಸ್ಕೊಂಡು ಬಾರಪ್ಪ, ಆಮೇಲೆ ಹಚ್ತೀನಿ" ಅಂದುಬಿಟ್ಟರೆ ಅರ್ಧ ಕೆಲಸ ಆದ ಹಾಗೆ. ಆರೋಗ್ಯ ಇಲಾಖೆಯವರು ಆತನ ಜಗುಲಿಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಇಷ್ಟು ಮಾತಾಡಿ ಬರೋದಕ್ಕೆ ಯಾವ ಬಜೆಟ್ಟೂ ಬೇಕಿಲ್ಲ.

ಗುಳ್ಳೆ ಒಣಗಿದ ಮೇಲೂ ನೋವು ಉಳಿಯುವುದೇ ಈ ಕಾಯಿಲೆಯ ನಿಜವಾದ ಶಿಕ್ಷೆ. ಹಾಳಾದ ನರ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉರಿಯುತ್ತದೆ. ಅಂಗಿಯ ಬಟ್ಟೆ ತಾಗಿದರೆ ಸಾಕು, ಕೆಂಡ ಇಟ್ಟ ಹಾಗೆ. ಫ್ಯಾನಿನ ಗಾಳಿಯೂ ಬೇಡ. ವಯಸ್ಸಾದಷ್ಟೂ ಇದು ಹೆಚ್ಚು. ಇದರಿಂದ ಸಾಯುವವರು ತೀರಾ ಕಮ್ಮಿ, ಅದಕ್ಕೇ ಇದನ್ನು ಕೇಳೋರೂ ಇಲ್ಲ. ಸತ್ತರೆ ಒಂದು ಅಂಕಿಯಾದರೂ ಆಗುತ್ತಿತ್ತು. ರಾತ್ರಿಯೆಲ್ಲ ಮಗ್ಗುಲು ಬದಲಿಸುವ ಮುದುಕನ ಲೆಕ್ಕ ಯಾವ ರಿಜಿಸ್ಟರಿನಲ್ಲಿ ಬರೆಯುತ್ತಾರೆ?

ಇಷ್ಟಕ್ಕೂ ಇದನ್ನು ತಡೆಯುವ ಲಸಿಕೆ ಇದೆ. ಶಿಂಗ್ರಿಕ್ಸ್ ಅಂತ ಹೆಸರು. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು, ಭಾರತಕ್ಕೆ 2023ರಲ್ಲಿ ಬಂತು. ಐವತ್ತು ದಾಟಿದವರಿಗೆ ಎರಡು ಡೋಸು, ನಡುವೆ ಎರಡರಿಂದ ಆರು ತಿಂಗಳು. 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಐವತ್ತು ಮೀರಿದವರಿಗೆ ಶೇ. 97ರಷ್ಟು ರಕ್ಷಣೆ ಕಂಡಿತು. ಮರುವರ್ಷದ ಇನ್ನೊಂದರಲ್ಲಿ ಎಪ್ಪತ್ತು ಮೀರಿದವರಲ್ಲೂ ಸುಮಾರು ಶೇ. 90. ಹನ್ನೊಂದನೇ ವರ್ಷಕ್ಕೂ ಶೇ. 80ರ ಮೇಲೇ ನಿಂತಿದೆ. ಜೀವಂತ ವೈರಸ್ಸು ಇದರಲ್ಲಿಲ್ಲ. ತೋಳುನೋವು, ಮೈಕೈ ನೋವು, ಜ್ವರ ಎರಡು ಮೂರು ದಿನ ಕಾಡಬಹುದು, ಅದನ್ನು ಮುಚ್ಚಿಡಬೇಕಾಗಿಲ್ಲ. ಸರ್ಪಸುತ್ತು ಎದ್ದಿರುವಾಗ ಇದು ಔಷಧಿಯಲ್ಲ ಎಂಬುದನ್ನೂ ಹೇಳಿಯೇ ಹಾಕಬೇಕು.

ಬೆಲೆ ಮಾತ್ರ ಕೇಳಬೇಡಿ. ಒಂದು ಡೋಸಿಗೆ ಹತ್ತು ಸಾವಿರದ ಆಸುಪಾಸು. ಎರಡಕ್ಕೆ ಇಪ್ಪತ್ತು. ಸಂಧ್ಯಾ ಸುರಕ್ಷಾದಲ್ಲಿ ವೃದ್ಧರಿಗೆ ಸರಕಾರ ಕೊಡುವುದು ತಿಂಗಳಿಗೆ 1,200 ರೂಪಾಯಿ. ಒಬ್ಬ ಅಜ್ಜಿ ಹದಿನಾರು ತಿಂಗಳು ಅನ್ನ, ಕಾಫಿಪುಡಿ, ಎಲೆಅಡಿಕೆ ಎಲ್ಲ ಬಿಟ್ಟು ಅಷ್ಟನ್ನೂ ಕೂಡಿಟ್ಟರೂ ಲಸಿಕೆಗೆ ಸಾಲದು. ಟಿವಿಯಲ್ಲಿ ಜಾಹೀರಾತು ಬರುತ್ತದೆ, "ನಿಮ್ಮ ಡಾಕ್ಟರನ್ನು ಕೇಳಿ" ಅಂತ. ಕೇಳಿದವರು ಬಿಲ್ಲು ಕೇಳಿ ಎದ್ದು ಬರುತ್ತಾರೆ, ಅಷ್ಟೆ.

ಬೇರೆ ಕಡೆ ಹೀಗಿಲ್ಲ. ಬ್ರಿಟನ್ನಿನಲ್ಲಿ 2013ರಿಂದಲೇ ಎಪ್ಪತ್ತರವರಿಗೆ ಸರಕಾರಿ ಖರ್ಚಿನಲ್ಲಿ ಸರ್ಪಸುತ್ತಿನ ಲಸಿಕೆ ಶುರುವಾಯಿತು. ಆಸ್ಟ್ರೇಲಿಯಾ 2023ರ ನವೆಂಬರಿನಿಂದ ಅರವತ್ತೈದು ತುಂಬಿದವರಿಗೆ ಪುಕ್ಕಟೆ ಮಾಡಿತು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ 1933ರ ಸೆಪ್ಟೆಂಬರ್ 2ರಿಂದೀಚೆ ಹುಟ್ಟಿದವರಿಗೆ ಲಸಿಕೆ ಉಂಟು, ಅದಕ್ಕೆ ಮೊದಲು ಹುಟ್ಟಿದವರಿಗೆ ಇಲ್ಲ ಅಂತ ಗೆರೆ ಎಳೆದಿದ್ದರು. ಒಂದು ವಾರ ಹಿಂದೆ ಮುಂದೆ ಹುಟ್ಟಿದವರನ್ನು ಏಳು ವರ್ಷ ಹೋಲಿಸಿ ನೋಡಿದರೆ, ಅಂದಿನ ಹಳೇ ಲಸಿಕೆ ಹಾಕಿಸಿಕೊಂಡವರಲ್ಲಿ ಮರೆಗುಳಿತನದ ಕಾಯಿಲೆ ಐದರಲ್ಲಿ ಒಂದು ಪಾಲು ಕಮ್ಮಿಯಿತ್ತೆಂದು 2025ರಲ್ಲಿ ವರದಿಯಾಯಿತು. ಇನ್ನೂ ಶೋಧನೆ ನಡೆಯಬೇಕಾದ ಮಾತು ಅದು. ನೋವು ತಪ್ಪಿದರೇ ಸಾಕಾಗಿದೆ.

"ಕ್ಷಯ ಇದೆ, ಡೆಂಗಿ ಇದೆ, ಇದಕ್ಕೆ ಎಲ್ಲಿಂದ ತರೋಣ?" ಅನ್ನೋ ಅಧಿಕಾರಿಗಳ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಎಲ್ಲ ಮುದುಕರಿಗೂ ನಾಳೆಯೇ ಚುಚ್ಚಿ ಅಂತ ಯಾರೂ ಹೇಳುತ್ತಿಲ್ಲ. ಡಯಾಲಿಸಿಸ್‌ಗೆ ಬರುವವರು, ಕ್ಯಾನ್ಸರಿನವರು, ಆಮೇಲೆ ಬಿಪಿಎಲ್ ಕಾರ್ಡಿನ ಅರವತ್ತೈದು ದಾಟಿದವರು, ಹೀಗೆ ಸಾಲು ಮಾಡಬಹುದು. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯೂ ಒಂದು ಕಾಲಕ್ಕೆ ಕಾಸಿದ್ದವರ ಮಕ್ಕಳಿಗೆ ಮಾತ್ರ ಇತ್ತು. 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುಮಾಡಿ 2021ರಲ್ಲಿ ದೇಶಕ್ಕೆಲ್ಲ ಪುಕ್ಕಟೆ ಕೊಡಲಿಲ್ಲವೇ? ಸರಕಾರ ಲಕ್ಷಗಟ್ಟಲೆ ಕೊಳ್ಳುತ್ತೇನೆಂದು ಕೂತರೆ ಕಂಪೆನಿಯ ದರವೂ ಇಳಿಯುತ್ತದೆ. ಒಂದೊಂದು ಡೋಸು ಕೊಳ್ಳುವ ಮೇಷ್ಟ್ರಿಗೆ ಇಳಿಸುತ್ತಾರೆಯೇ?

ವ್ಯವಸ್ಥೆ ಇಲ್ಲ ಅನ್ನುವಂತೆಯೂ ಇಲ್ಲ. 2021ರಲ್ಲಿ ಇದೇ ಮುದುಕರನ್ನು ಶಾಲೆಯ ಬೆಂಚಿನ ಮೇಲೆ ಸಾಲಾಗಿ ಕೂರಿಸಿ ಕೊರೋನಾ ಲಸಿಕೆ ಹಾಕಿದ್ದಾಯಿತು. ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಅನ್ನೋದು ಬಾಯಿಪಾಠ. ಆದರೂ ದೊಡ್ಡವರ ಲಸಿಕೆ ಅಂದರೆ ಸರಕಾರಕ್ಕೆ ಬಸುರಿಯರ ಧನುರ್ವಾಯು ಇಂಜೆಕ್ಷನ್ನಿನ ಆಚೆ ಹೆಚ್ಚೇನೂ ನೆನಪಾಗುವುದಿಲ್ಲ.

ಹಮಾಲಿಯ ಗುಳ್ಳೆ ಮೂರು ವಾರಕ್ಕೆ ಒಣಗಿದವು. ಎಡಪಕ್ಕೆಗೆ ಮೂಟೆ ತಾಗಿಸುವ ಹಾಗಿಲ್ಲವಾದ್ದರಿಂದ ಮೇಸ್ತ್ರಿ ಆತನ ಜಾಗಕ್ಕೆ ಬೇರೆ ಆಳು ಹಾಕಿಕೊಂಡಿದ್ದಾನೆ. ಈಗ ಯಾರ್ಡಿನ ಗೇಟಿನ ಟೀ ಅಂಗಡಿ ಮುಂದೆ ಅಂಗಿ ಗುಂಡಿ ಬಿಚ್ಚಿಕೊಂಡು ಕೂತಿರುತ್ತಾನೆ. ಬರುವ ಭಾನುವಾರ ಮತ್ತೊಂದು ಸಲ ಕೆಮ್ಮಣ್ಣು ಹಚ್ಚಿಸಿಕೊಳ್ಳಲು ಹೋಗುವವನಿದ್ದಾನೆ.